ಬಾಗಿಲ ಹತ್ತಿರ ಹೋಗಿ ಮಾತಾಡಿ

ಬೆಳಿಗ್ಗೆ ಏಳು ಹತ್ತರ ಲೋಕಲ್ ರೈಲಿನಲ್ಲಿ, ಹಿಂದಿನಿಂದ ಮೂರನೇ ಬೋಗಿಯಲ್ಲಿ, ಆತನನ್ನು ಎಲ್ಲರೂ ಮಾನಿಟರ್ ಎಂದೇ ಕರೆಯುತ್ತಿದ್ದರು. ಮೇಷ್ಟರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಾನಲ್ಲ, ಆ ಮಾನಿಟರ್. ಮೊದಮೊದಲು ಬೆನ್ನ ಹಿಂದೆ ಕರೆದರು. ಆಮೇಲೆ ಎದುರಿಗೇ ಕರೆದರು. ಕೊನೆಗೆ ಅದಕ್ಕೊಂದು ಗೌರವವೂ ಅಂಟಿಕೊಂಡು ಮಾನಿಟರ್ ಸಾರ್ ಆಯಿತು. ಮನೆಯಲ್ಲಿ ಹೆಂಡತಿ ‘ರೀ’ ಅನ್ನುವುದನ್ನು ಬಿಟ್ಟು ಬೇರೆ ಹೆಸರಿಂದ ಕರೆದವಳೇ ಅಲ್ಲ, ಹಾಗಾಗಿ ಹೆಸರು ಕಳೆದುಹೋದದ್ದು ಆತನಿಗೆ ಗೊತ್ತೂ ಆಗಲಿಲ್ಲ.

ಕೆಲಸ ಪುಸ್ತಕ ಬೈಂಡಿಂಗ್. ಇಪ್ಪತ್ತೊಂಬತ್ತು ವರ್ಷ ಒಂದೇ ಪ್ರೆಸ್ಸು, ಒಂದೇ ಮೇಜು. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಿಚಿ ಮಡಿಚಿ ಹದಿನಾರು ಪುಟ ಮಾಡಿದರೆ ಅದೊಂದು ಫಾರಂ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ಮಡಿಕೆ ಚೆನ್ನಾಗಿ ಕೂರಬೇಕಾದರೆ ಅದರ ಮೇಲೆ ಒತ್ತಿ ಎಳೆಯಲು ಗೇಣುದ್ದದ ಎಲುಬಿನ ಪಟ್ಟಿಯೊಂದು ಬೇಕು. ತೇದು ತೇದು ನಯವಾದ ಆ ಪಟ್ಟಿ ಆತನ ಅಂಗಿ ಜೇಬಿನಲ್ಲಿ, ಬೇರೆಯವರು ಪೆನ್ನು ಇಡುವ ಜಾಗದಲ್ಲಿ, ಸದಾ ಇರುತ್ತಿತ್ತು.

ಆತನ ಕಿವಿಯ ಪಾಡನ್ನು ಸ್ವಲ್ಪ ಕೇಳಿ. ಮನೆಯೆಂದರೆ ವೆಲ್ಡಿಂಗ್ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಬೆಳಗಾಗುವ ಮೊದಲೇ ಕಬ್ಬಿಣ ಕೊಯ್ಯುವ ಸದ್ದು. ಮೇಲೆ ಅತ್ತೆ, ಅಂದರೆ ಹೆಂಡತಿಯ ತಾಯಿ. ಆಕೆಗೆ ಕಿವಿ ಮಂದ, ಹಾಗಾಗಿ ಟಿವಿಯ ಸದ್ದು ಬೀದಿಯ ಕೊನೆಗೂ ಕೇಳಬೇಕು. ಪ್ರೆಸ್ಸಿಗೆ ಹೋದರೆ ಅಲ್ಲಿ ಕಟಿಂಗ್ ಮೆಷಿನ್. ಮನೆಗೂ ಪ್ರೆಸ್ಸಿಗೂ ನಡುವೆ ಒಂದು ಗಂಟೆ ಐದು ನಿಮಿಷದ ರೈಲು ಪ್ರಯಾಣ. ದಿನದಲ್ಲಿ ಆತನದು ಅಂತ ಇದ್ದದ್ದು ಅದೊಂದೇ. ಪ್ರೆಸ್ಸಿನಲ್ಲಿ ಕೆಟ್ಟುಹೋದ ಫಾರಂಗಳನ್ನು ಚೀಲದಲ್ಲಿ ತಂದು ಕಿಟಕಿ ಪಕ್ಕ ಕೂತು ಓದುತ್ತಿದ್ದ. ಯಾವುದೋ ಕಾದಂಬರಿಯ ನಲವತ್ತೊಂಬತ್ತರಿಂದ ಅರವತ್ತನಾಲ್ಕನೇ ಪುಟ. ಆ ಹುಡುಗಿ ಯಾರು, ಯಾಕೆ ಅಳುತ್ತಿದ್ದಾಳೆ, ಆಮೇಲೆ ಏನಾದಳು, ಒಂದೂ ಗೊತ್ತಿಲ್ಲ. ಆದರೂ ಆ ಹದಿನಾರು ಪುಟದಲ್ಲಿ ಆತ ಮುಳುಗಿಹೋಗುತ್ತಿದ್ದ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಕಥೆಯನ್ನೂ ಆತ ಪೂರ್ತಿ ಓದಿದವನಲ್ಲ.

ಆಮೇಲೆ ಎಲ್ಲರ ಕೈಗೂ ಫೋನ್ ಬಂತು ನೋಡಿ, ಅಲ್ಲಿಗೆ ಮುಗಿಯಿತು.

ಒಬ್ಬ ತನ್ನ ಮೂಲವ್ಯಾಧಿಯ ವಿಷಯವನ್ನು ಡಾಕ್ಟರಿಗೆ ಹೇಳುವಾಗ ಇಡೀ ಬೋಗಿಗೆ ಹೇಳಿದ. ಇನ್ನೊಬ್ಬಳು ಓರಗಿತ್ತಿಯ ಜೊತೆ ಜಗಳ ಶುರುಮಾಡಿ, ನಡುವೆ ಸುರಂಗ ಬಂದು ಸಿಗ್ನಲ್ ಹೋದರೆ, ಸುರಂಗ ದಾಟಿದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಿದ್ದಳು. ಸ್ಪೀಕರ್ ಹಾಕಿಕೊಂಡು ಹಾಸ್ಯದ ವಿಡಿಯೋ ನೋಡುವವರು, ‘ಕೇಳಿಸ್ತಾ? ಈಗ ಕೇಳಿಸ್ತಾ?’ ಎಂದು ಗಂಟಲು ಹರಿದುಕೊಳ್ಳುವವರು. ಅಲ್ಲ ಸ್ವಾಮಿ, ಅಷ್ಟು ಕೂಗುವುದಾದರೆ ಫೋನ್ ಯಾಕೆ, ಕಿಟಕಿ ತೆರೆದು ಕೂಗಿದರೂ ಕೇಳಿಸುತ್ತದಲ್ಲ! ಮಾನಿಟರಿಗೆ ತಲೆ ಚಿಟ್ಟು ಹಿಡಿಯಿತು. ಒಂದು ದಿನ ಜೇಬಿನ ಎಲುಬಿನ ಪಟ್ಟಿ ತೆಗೆದು ಕಿಟಕಿಯ ಕಂಬಿಗೆ ಎರಡು ಸಲ ಬಡಿದ. ಟಕ್ ಟಕ್.

“ಬಾಗಿಲ ಹತ್ತಿರ ಹೋಗಿ ಮಾತಾಡಿ,” ಎಂದ.

ಮೂಲವ್ಯಾಧಿಯವನು ಕಕ್ಕಾಬಿಕ್ಕಿಯಾಗಿ ಎದ್ದು ಹೋದ. ಎದುರು ಕೂತಿದ್ದ ನರ್ಸಮ್ಮ ಕಿಸಕ್ಕನೆ ನಕ್ಕಳು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಆಕೆಗೆ ಆ ರೈಲಿನಲ್ಲೇ ನಿದ್ದೆಯಾಗಬೇಕು. “ಹಾಲು ಕುಡಿದಷ್ಟು ಖುಷಿಯಾಯ್ತು ಸಾರ್,” ಎಂದಳು. ಮಾರನೆಯ ದಿನ ಇನ್ನೊಬ್ಬನಿಗೆ ಟಕ್ ಟಕ್. ವಾರ ಕಳೆಯುವಷ್ಟರಲ್ಲಿ ಬಾಯಿ ಬಿಡುವ ಅಗತ್ಯವೂ ಇರಲಿಲ್ಲ, ಸದ್ದು ಕೇಳಿದರೆ ಸಾಕು, ಜನ ತಾವಾಗಿ ಎದ್ದು ಬಾಗಿಲಿಗೆ ಹೋಗುತ್ತಿದ್ದರು. ಒಂದು ವರ್ಷದಲ್ಲಿ ಆ ಬೋಗಿಗೆ ಶಿಸ್ತಿನ ಬೋಗಿ ಅಂತಲೇ ಹೆಸರಾಯಿತು. ಹೊಸಬರಿಗೆ ಹಳಬರೇ ಹೇಳಿಕೊಡುತ್ತಿದ್ದರು. ಇನ್ಶೂರೆನ್ಸ್ ಕಚೇರಿಯವನೊಬ್ಬನಂತೂ ‘ನಮ್ಮ ಬೋಗಿ ನೋಡಿ ಜನ ಕಲೀಬೇಕು’ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ಮಾನಿಟರಿಗೆ ಒಳಗೊಳಗೇ ಹೆಮ್ಮೆ. ಮನೆಯಲ್ಲಿ ಟಿವಿ ಸದ್ದು ಕಡಿಮೆ ಮಾಡಿಸಲಾಗದ ಮನುಷ್ಯ ರೈಲಿನಲ್ಲಿ ನಲವತ್ತು ಜನರ ಬಾಯಿಗೆ ಬೀಗ ಹಾಕಿದ್ದ. ಹೆಮ್ಮೆಯಾಗದೆ ಇರುತ್ತದೆಯೇ?

ಆತನ ಎದುರಿನ ಸೀಟು ಗುಂಡಿಯಕ್ಕನದು. ಆಕೆ ಶರ್ಟಿನ ಕಾರ್ಖಾನೆಯಲ್ಲಿ ಗುಂಡಿ ಹಾಕುವ ವಿಭಾಗದಲ್ಲಿದ್ದಳು. “ದಿನಕ್ಕೆ ಸಾವಿರ ಗುಂಡಿ ಹಾಕ್ತೀನಿ, ರಸ್ತೆಯವರಾದ್ರೆ ಸಾವಿರ ಗುಂಡಿ ತೋಡ್ತಾರೆ, ಅಷ್ಟೇ ವ್ಯತ್ಯಾಸ,” ಎಂದು ತನ್ನ ಅಡ್ಡಹೆಸರನ್ನು ತಾನೇ ಹಂಗಿಸಿಕೊಳ್ಳುತ್ತಿದ್ದಳು. ನಿಂತು ನಿಂತು ಕಾಲು ಬಾತುಕೊಳ್ಳುತ್ತಿತ್ತು. ರೈಲಿನಲ್ಲಿ ಚಪ್ಪಲಿ ಬಿಟ್ಟು ಕಾಲನ್ನು ಎದುರು ಸೀಟಿನ ಕೆಳಗೆ ಚಾಚಿ, “ಅಣ್ಣ, ಬೇಜಾರು ಮಾಡ್ಕೋಬೇಡಿ,” ಎನ್ನುತ್ತಿದ್ದಳು. ಒಮ್ಮೆ ಮಾನಿಟರಿನ ಅಂಗಿಯ ಎರಡನೇ ಗುಂಡಿ ಬಿದ್ದುಹೋಗಿತ್ತು. ಆಕೆ ಕಣ್ಣಲ್ಲೇ ಅಳೆದು, ಚೀಲದಿಂದ ಸೂಜಿ ತೆಗೆದು, ಮೈಮೇಲಿದ್ದ ಅಂಗಿಗೇ ಹೊಲಿದಳು. “ಅಲ್ಲಾಡಬೇಡಿ, ಚುಚ್ಚಿದ್ರೆ ನಾನು ಜವಾಬ್ದಾರಿ ಅಲ್ಲ. ಅಂಗಿ ಹರಿದ್ರೂ ಇನ್ನು ಈ ಗುಂಡಿ ಬೀಳಲ್ಲ ನೋಡಿ.” ಆತನ ಸ್ವಂತ ತಂಗಿ ಅಷ್ಟು ಅಕ್ಕರೆ ತೋರಿಸಿದವಳಲ್ಲ.

ಆ ದಿನ ಸೋಮವಾರ. ಗುಂಡಿಯಕ್ಕನ ಬಲಗಾಲು ಎಂದಿಗಿಂತ ಹೆಚ್ಚು ಊದಿತ್ತು. ಬಂದು ಕೂತವಳೇ ‘ಅಮ್ಮಾ’ ಎಂದು ನಿಟ್ಟುಸಿರು ಬಿಟ್ಟಳು. ದಾರಿಯಲ್ಲಿ ಬರುವ ಸೇತುವೆಗೆ ಇನ್ನೂ ಐದು ನಿಮಿಷ ಇರುವಾಗ ಚೀಲದೊಳಗೆ ಫೋನ್ ಗುರುಗುಟ್ಟಿತು. ಆಕೆ ತೆಗೆದು ನೋಡಿದಳು. ಮನೆಯಿಂದ. ಏಳಲು ಮನಸ್ಸಿಲ್ಲ. ಕಾಲನ್ನು ನೋಡಿಕೊಂಡಳು, ಮಾನಿಟರಿನ ಕಡೆ ಅರ್ಧ ನಗೆ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು ಪಿಸುದನಿಯಲ್ಲಿ, “ಹೇಳು,” ಎಂದಳು.

ಮಾನಿಟರ್ ಓದುತ್ತಿದ್ದ. ಹದಿನಾರು ಪುಟದಲ್ಲಿ ಕೊನೆಯ ಎರಡು ಪುಟ ಉಳಿದಿತ್ತು. ತಲೆ ಎತ್ತಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು. ಟಕ್ ಟಕ್.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮಾತು ಆಡಿಯೇ ಏಳುತ್ತಿದ್ದರೋ ಏನೋ. ಗುಂಡಿಯಕ್ಕ ನಾಲಿಗೆ ಕಚ್ಚಿಕೊಂಡಳು. “ತಾಳು, ಬಾಗಿಲ ಹತ್ರ ಹೋಗ್ತೀನಿ,” ಎಂದು ಫೋನಿಗೆ ಹೇಳಿ, ಚಪ್ಪಲಿಗಾಗಿ ಕಾಲಾಡಿಸಿ, ಕುಂಟುತ್ತ ಹೋದಳು. ಮಾನಿಟರ್ ಆಗ ಒಮ್ಮೆ ತಲೆ ಎತ್ತಿ ನೋಡಿದ್ದು ನಿಜ. ತೆರೆದ ಬಾಗಿಲಲ್ಲಿ ಗಾಳಿಯ ಸದ್ದು, ಚಕ್ರದ ಸದ್ದು. ಆಕೆ ಬಲಗೈಯಲ್ಲಿ ಫೋನನ್ನು ಒಂದು ಕಿವಿಗೆ ಒತ್ತಿಕೊಂಡಿದ್ದಳು. ಎಡಗೈಯ ಬೆರಳನ್ನು ಇನ್ನೊಂದು ಕಿವಿಗೆ ತುರುಕಿಕೊಂಡಿದ್ದಳು. ಬಾಗಿಲಲ್ಲಿ ನಿಂತು ಮಾತಾಡುವವರೆಲ್ಲ ಹಾಗೇ ನಿಲ್ಲುತ್ತಿದ್ದರು. ಆತ ಅದನ್ನು ಸಾವಿರ ಸಲ ನೋಡಿದ್ದ. ಸದ್ದು ಕೇಳಿಸದಿರಲಿ ಅಂತ ಹಾಗೆ ಮಾಡುತ್ತಾರೆ ಎಂದು ಗೊತ್ತಿತ್ತು. ಹಾಗೆ ಮಾಡಿದರೆ ಕಂಬಿ ಹಿಡಿಯಲು ಕೈಯೇ ಉಳಿಯುವುದಿಲ್ಲ ಎಂಬುದು ಆ ಸಾವಿರ ಸಲದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಆತ ಮತ್ತೆ ಪುಟಕ್ಕೆ ಕಣ್ಣು ಹಾಕಿದ.

ಸೇತುವೆಯ ಮೊದಲು ಒಂದು ತಿರುವಿದೆ. ರೈಲು ಅಲ್ಲಿ ದಿನವೂ ಒಮ್ಮೆ ಜಗ್ಗುತ್ತದೆ.

ಯಾರೋ ಕಿರುಚಿದರು. ನರ್ಸಮ್ಮ ನಿದ್ದೆಯಿಂದ ಬೆಚ್ಚಿ ಎದ್ದು ಬಾಗಿಲಿಗೆ ಓಡಿದಳು. ಯಾರೋ ಸರಪಳಿ ಎಳೆದರು. ಮಾನಿಟರ್ ಕೆಳಗೆ ನೋಡಿದ. ಎದುರು ಸೀಟಿನ ಕೆಳಗೆ ಒಂದು ಚಪ್ಪಲಿ ಉಳಿದಿತ್ತು. ಊದಿದ ಕಾಲಿಗೆ ಅದು ಹಿಡಿಸಿರಲಿಲ್ಲ, ಒಂದು ಕಾಲು ಬರಿಗಾಲಲ್ಲೇ ಹೋಗಿದ್ದಳು.

ರೈಲ್ವೆ ಪೊಲೀಸರು ಬಂದು ಬೋಗಿಯಲ್ಲಿದ್ದವರನ್ನು ಕೇಳಿದರು.

“ಬಾಗಿಲ ಹತ್ರ ಯಾಕೆ ನಿಂತಿದ್ರು?”

“ಫೋನ್ ಬಂತು ಸಾರ್,” ಎಂದ ಇನ್ಶೂರೆನ್ಸಿನವನು.

“ಕಂಬಿ ಹಿಡ್ಕೊಂಡಿದ್ರಾ?”

ಮಾನಿಟರಿನ ಗಂಟಲಲ್ಲಿ ಮಾತು ಬಂದು ನಿಂತಿತ್ತು. ನಾನು ಎಬ್ಬಿಸಿದೆ, ಕಾಲು ನೋಯುತ್ತಿತ್ತು ಆಕೆಗೆ, ಕೂತೇ ಮಾತಾಡುತ್ತಿದ್ದಳು, ನಾನು ಎಬ್ಬಿಸಿದೆ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಅದರ ಬದಲು “ಹಿಡ್ಕೊಂಡಿರಲಿಲ್ಲ,” ಎಂದು ಹೇಳಿದವನೂ ಆತನೇ. ಪೊಲೀಸಿನವನು ಬರೆದುಕೊಂಡ: ಸ್ವಂತ ಅಜಾಗರೂಕತೆಯಿಂದ ಬಿದ್ದು ಸಾವು. ಪೇಪರಿನಲ್ಲೂ ಮಾರನೆಯ ದಿನ ಅದೇ ಪದ ಬಂತು, ಮೂರೇ ಸಾಲು. ಆತ ಆ ಮೂರು ಸಾಲನ್ನು ಎಷ್ಟು ಸಲ ಓದಿದನೋ ಲೆಕ್ಕವಿಲ್ಲ. ಕೈತಪ್ಪಿ ಒಂದು ಗುಂಡಿ ಓರೆ ಕೂತರೆ ಬಿಚ್ಚಿ ಮತ್ತೆ ಹಾಕುವ ಹೆಂಗಸಿಗೆ ಅಜಾಗರೂಕತೆಯಂತೆ!

ಹೆಂಡತಿಗೆ ಹೇಳಿದ. ಆಕೆ ಅತ್ತಳು, ಆಮೇಲೆ, “ನೀವೇನು ತಳ್ಳಿದ್ರಾ? ಹಣೆಬರಹಕ್ಕೆ ಹೊಣೆ ಯಾರು? ಊಟ ಮಾಡಿ,” ಎಂದಳು. ಟಿವಿಯ ಸದ್ದಿನಲ್ಲಿ ಅತ್ತೆ, “ಯಾರು ತಳ್ಳಿದ್ದು?” ಎಂದು ನಾಲ್ಕು ಸಲ ಕೇಳಿದಳು.

ಎಲುಬಿನ ಪಟ್ಟಿಯನ್ನು ಆತ ಪ್ರೆಸ್ಸಿನ ಮೇಜಿನಲ್ಲೇ ಬಿಟ್ಟು ಬರತೊಡಗಿದ. ಓದುವುದು ನಿಂತಿತು. ಹತ್ತು ದಿನ ಕಳೆದ ಮೇಲೆ ಬೋಗಿಯಲ್ಲಿ ಒಬ್ಬನಿಗೆ ಫೋನ್ ಬಂದು ಅವನು ಎದ್ದಾಗ, ಮಾನಿಟರ್ ಅವನ ಅಂಗಿ ಹಿಡಿದು ಜಗ್ಗಿದ. “ಇಲ್ಲೇ ಮಾತಾಡಿ. ಇನ್ನು ಮೇಲೆ ಯಾರೂ ಬಾಗಿಲಿಗೆ ಹೋಗೋದು ಬೇಡ. ಎಲ್ಲರೂ ಕೇಳಿಸ್ಕೊಳ್ಳಿ, ಇಲ್ಲೇ ಕೂತು ಎಷ್ಟು ಗಟ್ಟಿಯಾಗಿ ಬೇಕಾದ್ರೂ ಮಾತಾಡಿ!”

ಬೋಗಿ ಆತನನ್ನು ಕನಿಕರದಿಂದ ನೋಡಿತು. ಫೋನ್ ಬಂದವನು, “ಪರವಾಗಿಲ್ಲ ಸಾರ್, ನಿಮಗೆ ತೊಂದ್ರೆ ಯಾಕೆ,” ಎಂದು ಬಾಗಿಲಿಗೆ ಹೋದ. ಫೋನ್ ಒಂದು ಕಿವಿಗೆ, ಬೆರಳು ಇನ್ನೊಂದು ಕಿವಿಗೆ. ಮಾನಿಟರ್ ಆ ಎರಡು ಕೈಗಳನ್ನೇ ನೋಡಿದ.

“ಸಾರ್, ಹಾಗೆಲ್ಲ ಬಿಟ್ಟುಕೊಡಬಾರದು,” ಎಂದು ಇನ್ಶೂರೆನ್ಸಿನವನು ಹತ್ತಿರ ಬಂದು ಕೂತ. “ಒಬ್ಬರು ಹುಷಾರಿಲ್ಲದೆ ಬಿದ್ರು ಅಂತ ಶಿಸ್ತು ಹಾಳು ಮಾಡೋಕಾಗತ್ತಾ? ನೀವು ಕಟ್ಟಿದ್ದು ಇದು. ನಿಮ್ಮ ಮನಸ್ಸು ಸರಿಯಾಗೋವರೆಗೂ ನಾನು ನೋಡ್ಕೋತೀನಿ ಬಿಡಿ.” ಅವನ ಬೆರಳಲ್ಲಿ ದಪ್ಪ ಉಂಗುರವಿತ್ತು. ಮಾರನೆಯ ದಿನದಿಂದ ಅದೇ ಕಂಬಿಗೆ ಅವನ ಉಂಗುರ ಬಡಿಯತೊಡಗಿತು. ಟಕ್ ಟಕ್. ಮಾನಿಟರಿಗಿಂತ ಅವನ ಕೈ ಇನ್ನೂ ಬಿಗಿ.

ಮಾನಿಟರ್ ಬೇಡಿಕೊಂಡ, ಜಗಳವಾಡಿದ. ಹಲಗೆಯ ಮೇಲೆ ‘ಬಾಗಿಲಲ್ಲಿ ನಿಲ್ಲಬೇಡಿ’ ಎಂದು ಬರೆದು ತೂಗುಹಾಕಿದ. ರೈಲ್ವೆಯವರು ಅದನ್ನು ಕಿತ್ತುಹಾಕಿದರು, ಖಾಸಗಿ ಬರಹ ಅಂತ. ನಲವತ್ತು ಜನರ ಬಾಯಿ ಮುಚ್ಚಿಸಿದ ಮನುಷ್ಯನಿಗೆ ಒಬ್ಬರ ಬಾಯಿಯನ್ನೂ ತೆರೆಸಲು ಆಗಲಿಲ್ಲ. ನರ್ಸಮ್ಮ ಮಾತ್ರ ಒಂದು ದಿನ, “ಸಾರ್, ನಿಮ್ಮ ನಿಯಮ ನಿಮ್ಮ ಕೈ ಮೀರಿ ಹೋಯ್ತು. ಸುಮ್ನಿರಿ,” ಎಂದು ಕಣ್ಣು ಮುಚ್ಚಿಕೊಂಡಳು. ಆಕೆಗೂ ನಿದ್ದೆ ಬೇಕಿತ್ತಲ್ಲ.

ಕಡೆಗೆ ಆತ ಕಿಟಕಿಯ ಸೀಟು ಬಿಟ್ಟು ಬಾಗಿಲ ಹತ್ತಿರವೇ ನಿಲ್ಲತೊಡಗಿದ. ಯಾರಾದರೂ ಮಾತಾಡಲು ಬಂದರೆ ಹಿಂದಿನಿಂದ ಅವರ ಚೀಲದ ಪಟ್ಟಿಯನ್ನು, ಚೀಲವಿಲ್ಲದಿದ್ದರೆ ಅಂಗಿಯ ಅಂಚನ್ನು, ಒಂದು ಕೈಯಲ್ಲಿ ಹಿಡಿಯುವುದು. ಇನ್ನೊಂದು ಕೈ ಕಂಬಿಗೆ. ಗೊತ್ತಿದ್ದವರು ಸುಮ್ಮನಿದ್ದರು. ಗೊತ್ತಿಲ್ಲದವರು ಸುಮ್ಮನಿರುತ್ತಾರೆಯೇ? “ಏನ್ರೀ, ಚೀಲಕ್ಕೆ ಕೈ ಹಾಕ್ತೀರಾ? ವಯಸ್ಸಾಗಿದೆ, ನಾಚಿಕೆ ಆಗಲ್ವಾ?” ಎಂದು ಒಬ್ಬ ಕೊರಳಪಟ್ಟಿ ಹಿಡಿದ. ಹೆಂಗಸೊಬ್ಬಳು ಕೈ ಮೇಲೆ ಬಾರಿಸಿದಳು. ಆತ ಕೈ ಬಿಡಲಿಲ್ಲ. ಅಲ್ಲಿ ನಿಂತು ಎಲ್ಲವನ್ನೂ ಕೇಳಿದ. ಯಾರದೋ ಗಂಡ ಮನೆ ಬಿಟ್ಟು ಹೋದದ್ದು, ಯಾರದೋ ಸ್ಕ್ಯಾನಿಂಗ್ ವರದಿ, ಯಾವುದೋ ಮಗು ಪರೀಕ್ಷೆಯಲ್ಲಿ ಫೇಲಾದದ್ದು. ವರ್ಷಗಟ್ಟಲೆ ಯಾವುದನ್ನು ಕೇಳಬಾರದೆಂದು ಅಷ್ಟು ಹಟ ಮಾಡಿದ್ದನೋ ಅದೆಲ್ಲವೂ ಈಗ ಒಂದು ಮೊಳ ದೂರದಿಂದ ಕಿವಿಗೆ ಬೀಳುತ್ತಿತ್ತು. ಅದೂ ಅರ್ಧಂಬರ್ಧ, ಆತನ ಫಾರಂಗಳ ಹಾಗೆ.

ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹತ್ತೊಂಬತ್ತು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ಬೋಗಿ ಹತ್ತಿದಳು. ಶರ್ಟಿನ ಕಾರ್ಖಾನೆಯ ಹೊಸ ಗುರುತಿನ ಚೀಟಿ ಕೊರಳಲ್ಲಿತ್ತು. “ಶಿಸ್ತಿನ ಬೋಗಿ ಅಂದ್ರೆ ಇದೇನಾ?” ಎಂದು ನರ್ಸಮ್ಮನನ್ನು ಕೇಳಿದಳು. “ನಮ್ಮಮ್ಮ ಇದರಲ್ಲೇ ಬರ್ತಿದ್ರು. ಗುಂಡಿ ಹಾಕೋರು. ಅವರ ಜಾಗ ನನಗೇ ಕೊಟ್ರು.” ನರ್ಸಮ್ಮ ಬಾಗಿಲ ಕಡೆ ನೋಡಿದಳು.

ಮಾನಿಟರ್ ಬಂದು ತನ್ನ ಹಳೆಯ ಸೀಟಿನಲ್ಲಿ ಕೂತ. ಹುಡುಗಿ ಎದುರಿಗೆ, ಅಮ್ಮನ ಜಾಗದಲ್ಲಿ. ಅದೇ ಹುಬ್ಬು. ಏಳು ತಿಂಗಳಿಂದ ಗಂಟಲಲ್ಲಿ ನಿಂತದ್ದು ಈಗ ಹೊರಗೆ ಬರದಿದ್ದರೆ ಇನ್ನು ಎಂದೂ ಬರುವುದಿಲ್ಲ ಎಂದು ಆತನಿಗೆ ಅನ್ನಿಸಿತು.

“ಮಗಳೇ, ನಿಮ್ಮಮ್ಮನದು ಅಜಾಗರೂಕತೆ ಅಲ್ಲ. ಅವತ್ತು ಅವರು ಕೂತೇ ಮಾತಾಡ್ತಿದ್ರು. ಕಾಲು ನೋವಿತ್ತು. ನಾನು ಇಲ್ಲಿ, ಈ ಕಂಬಿಗೆ ತಟ್ಟಿದೆ. ಅದಕ್ಕೆ ಎದ್ದು ಹೋದ್ರು. ನಾನು ತಟ್ಟದೆ ಇದ್ದಿದ್ರೆ ಹೋಗ್ತಿರಲಿಲ್ಲ.”

ಬೈಯಲಿ, ಉಗಿಯಲಿ, ಎರಡು ಬಾರಿಸಲಿ ಎಂದು ಆತ ಮುಖ ಒಡ್ಡಿಕೊಂಡು ಕೂತಿದ್ದ.

“ನೀವು ಮಾನಿಟರ್ ಅಂಕಲ್ಲಾ?” ಎಂದಳು. “ಅಮ್ಮ ಮನೇಲಿ ನಿಮ್ಮ ವಿಷಯ ಹೇಳಿ ನಗ್ತಿದ್ರು. ಬಸ್ಸಲ್ಲಿ ನಾನು ಫೋನಲ್ಲಿ ಮಾತಾಡಿದ್ರೂ ಟಕ್ ಟಕ್ ಅಂತ ಮೊಣಕಾಲಿಗೆ ಹೊಡೀತಿದ್ರು. ಮರ್ಯಾದೆ ಅಂದ್ರೆ ಮರ್ಯಾದೆ ಅವರಿಗೆ. ನೀವು ತಟ್ಟದಿದ್ರೂ ಹೋಗ್ತಿದ್ರು ಬಿಡಿ.”

ಅಷ್ಟೇ. ಏಳು ತಿಂಗಳ ಭಾರವನ್ನು ಆತ ಇಳಿಸಿಟ್ಟ, ಆಕೆ ಅದನ್ನು ಎತ್ತಿಕೊಳ್ಳಲೇ ಇಲ್ಲ. ಅದು ಅಲ್ಲೇ ಇಬ್ಬರ ನಡುವೆ ಬಿದ್ದಿತ್ತು.

“ಅವತ್ತು ಫೋನ್ ಮಾಡಿದ್ದು ನಾನೇ ಅಂಕಲ್,” ಎಂದಳು ಹುಡುಗಿ, ಕಿಟಕಿಯ ಹೊರಗೆ ನೋಡುತ್ತ. “ಕತ್ತರಿ ಎಲ್ಲಿಟ್ಟಿದೀಯ ಅಂತ ಕೇಳೋಕೆ. ತಾಳು, ಬಾಗಿಲ ಹತ್ರ ಹೋಗ್ತೀನಿ ಅಂದ್ರು. ಆಮೇಲೆ ‘ಏನು? ಏನು?’ ಅಂತಿದ್ರು, ಅಷ್ಟರಲ್ಲಿ ಕಟ್ಟಾಯ್ತು. ನನಗೆ ಒಂದೇ ಒಂದು ಅರ್ಥ ಆಗಲ್ಲ. ಹೋದ್ರು ಸರಿ, ನಿಂತ್ರು ಸರಿ. ಒಂದು ಕೈಲಿ ಫೋನ್ ಇತ್ತು, ಇನ್ನೊಂದು ಕೈ ಏನಾಗಿತ್ತು? ಹಿಡ್ಕೋಬಾರದಿತ್ತಾ? ನಾನು ಒಬ್ಬಳು ಇದೀನಿ ಅಂತ ನೆನಪಿರಲಿಲ್ವಾ ಅವರಿಗೆ? ಅಪ್ಪ ಈಗಲೂ ಬೈತಾರೆ, ಬುದ್ಧಿ ಇಲ್ಲದೋಳು ಅಂತ. ನೀವು ನೋಡಿದ್ರಲ್ಲ ಅಂಕಲ್, ಹೇಳಿ. ಇನ್ನೊಂದು ಕೈ ಎಲ್ಲಿತ್ತು?”

ಇನ್ನೊಂದು ಕೈ ಎಲ್ಲಿತ್ತು ಎಂದು ಈ ಲೋಕದಲ್ಲಿ ಗೊತ್ತಿದ್ದವನು ಆತನೊಬ್ಬನೇ. ನಿನ್ನ ಮಾತು ಕೇಳಿಸಲಿ ಅಂತ ಕಿವಿಯಲ್ಲಿತ್ತು ಮಗಳೇ ಎಂದು ಹೇಗೆ ಹೇಳುವುದು? ಹೇಳಿದರೆ ತಾಯಿಯ ಮೇಲಿನ ಅಪವಾದ ಹೋಗುತ್ತದೆ, ಹೋಗಿ ಈ ಹುಡುಗಿಯ ತಲೆಯ ಮೇಲೆ ಕೂರುತ್ತದೆ. ಹೇಳದಿದ್ದರೆ ಬುದ್ಧಿ ಇಲ್ಲದವಳಾಗಿಯೇ ಆ ತಾಯಿ ಉಳಿಯುತ್ತಾಳೆ. ಆತ ಅಂಗಿಯ ಎರಡನೇ ಗುಂಡಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತ. ಅದು ಅಲ್ಲಾಡಲೂ ಇಲ್ಲ.

“ನೋಡಲಿಲ್ಲ, ಮಗಳೇ,” ಎಂದ. “ಓದ್ತಾ ಇದ್ದೆ.”

ಆಗ ಹುಡುಗಿಯ ಚೀಲದಲ್ಲಿ ಫೋನ್ ಗುರುಗುಟ್ಟಿತು. ತೆಗೆದು, “ಹಾಂ ಅಪ್ಪ,” ಎಂದಳು. ಹಿಂದಿನ ಸಾಲಿನಿಂದ ಇನ್ಶೂರೆನ್ಸಿನವನ ಉಂಗುರ ಕಂಬಿಗೆ ಬಡಿಯಿತು. ಟಕ್ ಟಕ್. ಹುಡುಗಿ ನಾಲಿಗೆ ಕಚ್ಚಿಕೊಂಡು ಎದ್ದಳು.

“ಕೂತ್ಕೋ! ಇಲ್ಲೇ ಮಾತಾಡು, ಯಾರೂ ಏನೂ ಅನ್ನಲ್ಲ!” ಮಾನಿಟರ್ ಕೂಗಿಯೇಬಿಟ್ಟ. ಆ ಬೋಗಿಯಲ್ಲಿ ಅಷ್ಟು ಗಟ್ಟಿ ದನಿ ಕೇಳಿ ತಿಂಗಳುಗಳೇ ಆಗಿದ್ದವು.

“ಒಳಗಾ? ಛೇ ಛೇ, ಬೇಡ ಅಂಕಲ್. ಎಲ್ಲರೂ ಏನಂದ್ಕೋತಾರೆ,” ಎಂದು ಆಕೆ ಬಾಗಿಲಿಗೆ ನಡೆದಳು.

ಆತ ಜನರನ್ನು ತಳ್ಳಿಕೊಂಡು ಹೋಗಿ ಆಕೆಯ ಚೀಲದ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದ. ಇನ್ನೊಂದು ಕೈ ಕಂಬಿಗೆ. ಸೇತುವೆಯ ತಿರುವು ಹತ್ತಿರ ಬರುತ್ತಿತ್ತು. ಗಾಳಿಯ ಮೊರೆತದಲ್ಲಿ ಆಕೆಗೆ ಏನೂ ಕೇಳಿಸುತ್ತಿರಲಿಲ್ಲ. “ಅಪ್ಪ, ಏನು? ಏನು?” ಎಂದಳು. ಬಲಗೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಎಡಗೈ ತಾನಾಗಿ ಮೇಲೆದ್ದು, ಅದರ ಬೆರಳು ಇನ್ನೊಂದು ಕಿವಿಯೊಳಗೆ ಹೋಯಿತು.

ಹಾಗೇ ನಿಂತಳು. ಎರಡು ಮೊಣಕೈಯೂ ಗಾಳಿಯಲ್ಲಿ. ಅಪ್ಪನ ದನಿ ಫೋನಿನಲ್ಲಿ ‘ಹಲೋ, ಹಲೋ’ ಎನ್ನುತ್ತಲೇ ಇತ್ತು. ಆಕೆ ಮೆಲ್ಲಗೆ ತಿರುಗಿ ಮಾನಿಟರಿನ ಮುಖ ನೋಡಿದಳು, ಬೆರಳು ಇನ್ನೂ ಕಿವಿಯಲ್ಲೇ ಇತ್ತು.

“ನೀವು ನೋಡಿದ್ರಿ,” ಎಂದಳು.

ರೈಲು ಜಗ್ಗಿತು. ಆತ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.